ಹಲಸೂರು ಕೆರೆಯಲ್ಲಿ ಶಕ್ತಿ ಮತ್ತು ದ್ರವ್ಯ

ಪರಿಸರ ವ್ಯವಸ್ಥೆಯಲ್ಲಿ ಜೀವಿಗಳನ್ನು ಒಂದಕ್ಕೊಂದು ಬೆಸೆಯುವುದು ಶಕ್ತಿ ಮತ್ತು ದ್ರವ್ಯ. ಎರಡೂ ಒಂದೇ ತುತ್ತಿನಲ್ಲಿ ಹೊಟ್ಟೆ ಸೇರುವುದರಿಂದ ವಿದ್ಯಾರ್ಥಿಗಳು ಇವುಗಳ ದಾರಿಯೂ ಒಂದೇ ಎಂದುಕೊಳ್ಳುತ್ತಾರೆ. ಹಾಗಲ್ಲ. ಶಕ್ತಿ ಒಂದೇ ದಿಕ್ಕಿನಲ್ಲಿ ಹರಿದು ಕೊನೆಗೆ ಶಾಖವಾಗಿ ಹೊರಟುಹೋಗುತ್ತದೆ. ದ್ರವ್ಯ ಜೀವಿಯಿಂದ ಜೀವಿಗೆ, ಮಣ್ಣಿಗೆ, ನೀರಿಗೆ ಸುತ್ತುತ್ತಿರುತ್ತದೆ.

ಬೆಂಗಳೂರಿನ ಹಲಸೂರು ಕೆರೆಯ ನೀರಿಗೆ ಹಸಿರು ಬಣ್ಣ ಕೊಡುವುದು ಸೂಕ್ಷ್ಮ ಪಾಚಿ. ಅದು ಬಿಸಿಲನ್ನು ಹೀರಿ, ನೀರು ಮತ್ತು ಇಂಗಾಲದ ಡೈಆಕ್ಸೈಡ್‌ನಿಂದ ಸಕ್ಕರೆ ತಯಾರಿಸುತ್ತದೆ. ಪಾಚಿಯನ್ನು ಸಣ್ಣ ಜಲಜೀವಿಗಳು, ಅವನ್ನು ಮೀನು, ಮೀನನ್ನು ನೀರುಕಾಗೆ ತಿನ್ನುತ್ತವೆ. ಜಿಲೇಬಿ ಮೀನು ಪಾಚಿಯನ್ನೇ ತಿಂದು ಒಂದು ಮೆಟ್ಟಿಲು ಉಳಿಸುತ್ತದೆ. ಅಮೆರಿಕದ ರೇಮಂಡ್ ಲಿಂಡೆಮನ್ 1942ರಲ್ಲಿ ಪ್ರಕಟಿಸಿದ ಕೆರೆಯ ಅಧ್ಯಯನದಿಂದ ಬೆಳೆದ ಸ್ಥೂಲ ಲೆಕ್ಕದ ಪ್ರಕಾರ, ಒಂದು ಹಂತದ ಶಕ್ತಿಯಲ್ಲಿ ಮುಂದಿನ ಹಂತಕ್ಕೆ ದಾಟುವುದು ಸುಮಾರು ಶೇ 10. ಪಾಚಿಯಲ್ಲಿ 10,000 ಪಾಲು ಇದ್ದರೆ ಸಣ್ಣ ಜೀವಿಗಳಿಗೆ 1,000, ಮೀನಿಗೆ 100, ನೀರುಕಾಗೆಗೆ 10. ಇದು ನಿಯಮವಲ್ಲ, ಅಂದಾಜು. ಆದರೆ ಮೀನಿನ ಹಿಂಡಿಗೆ ಹೋಲಿಸಿದರೆ ಹಕ್ಕಿಗಳು ಏಕೆ ಕಡಿಮೆ ಎಂಬುದನ್ನು ಇಷ್ಟೇ ವಿವರಿಸುತ್ತದೆ.

ಸತ್ತದ್ದನ್ನು ಕೊಳೆಸುವ ಬ್ಯಾಕ್ಟೀರಿಯಾ ಶಕ್ತಿಯನ್ನು ಪಾಚಿಗೆ ಮರಳಿಸುತ್ತವೆ ಎಂದು ಬರೆಯುವ ಮಕ್ಕಳು ಬಹಳ. ಅವು ಮರಳಿಸುವುದು ಸಾರಜನಕ, ರಂಜಕದಂಥ ದ್ರವ್ಯವನ್ನು ಮಾತ್ರ. ಅವುಗಳ ಉಸಿರಾಟದಿಂದಲೂ ಶಾಖ ಹೊರಬೀಳುತ್ತದೆ. ಚಿತ್ರದಲ್ಲಿ ಶಕ್ತಿಗೆ ಕೆಂಪು, ದ್ರವ್ಯಕ್ಕೆ ನೀಲಿ ಬಾಣ ಹಾಕಿಸಿದರೆ ಗೊಂದಲ ತಿಳಿಯಾಗುತ್ತದೆ. ಬಾಣದ ತುದಿ ತಿನ್ನುವ ಜೀವಿಯ ಕಡೆಗಿರಬೇಕು. ಎಷ್ಟೋ ಉತ್ತರ ಪತ್ರಿಕೆಗಳಲ್ಲಿ ಅದು ತಿರುಗುಮುರುಗಾಗಿರುತ್ತದೆ.

ಹಲಸೂರಿನಲ್ಲಿ ದ್ರವ್ಯದ ಕತೆ ಕೆರೆಯ ಅಂಚಿಗೆ ಮುಗಿಯುವುದಿಲ್ಲ. ಶಿವಾಜಿನಗರದ ರಸೆಲ್ ಮಾರುಕಟ್ಟೆಯಲ್ಲಿ ಮಾರಾಟವಾಗುವ ಸಮುದ್ರದ ಮೀನಿನಲ್ಲಿ, ಹೊರಜಿಲ್ಲೆಗಳ ಅಕ್ಕಿ ಬೇಳೆಯಲ್ಲಿ ರಂಜಕವಿದೆ. ಉಂಡವರ ದೇಹದಿಂದ ಅದು ಚರಂಡಿಗಿಳಿಯುತ್ತದೆ. ಬಟ್ಟೆ ಒಗೆಯುವ ಪುಡಿಯ ಫಾಸ್ಫೇಟೂ ಜತೆಗೂಡುತ್ತದೆ. ರಾಜಕಾಲುವೆಗೆ ಒಳಚರಂಡಿ ನೀರು ನುಗ್ಗಿದಾಗ ಇವೆಲ್ಲ ಕೆರೆ ಸೇರುತ್ತವೆ. ಇಂಗಾಲ ಅನಿಲವಾಗಿ ಗಾಳಿಗೆ ಮರಳಬಲ್ಲದು, ಸಾರಜನಕವೂ ಅಷ್ಟೆ. ರಂಜಕಕ್ಕೆ ಆ ದಾರಿಯಿಲ್ಲ. ಅದು ಹೂಳಿನಲ್ಲಿ ಕೂರುತ್ತದೆ, ಇಲ್ಲವೇ ಪಾಚಿ ಮತ್ತು ತೇಲುವ ಕಳೆಯ ಮೈ ಸೇರುತ್ತದೆ.

ಪಾಚಿ ಮಿತಿಮೀರಿದಾಗ ಹಗಲು ನೀರಿನಲ್ಲಿ ಆಮ್ಲಜನಕ ಹೇರಳ. ಕತ್ತಲಾದರೆ ತಯಾರಿಕೆ ನಿಲ್ಲುತ್ತದೆ, ಉಸಿರಾಟ ನಿಲ್ಲುವುದಿಲ್ಲ. ಕೊಳಚೆಯನ್ನು ಕೊಳೆಸುವ ಬ್ಯಾಕ್ಟೀರಿಯಾವೂ ಆಮ್ಲಜನಕ ಬಳಸುತ್ತವೆ. ಬೆಳಗಿನ ಜಾವಕ್ಕೆ ಅದು ತಳಮುಟ್ಟಿ, ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ. 2016ರ ಮಾರ್ಚ್‌ನಲ್ಲಿ ಈ ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದಾಗ ಆಮ್ಲಜನಕದ ಕೊರತೆಯೇ ಕಾರಣವೆಂದು ಹೇಳಲಾಯಿತು.

ತರಗತಿಯಲ್ಲಿ ಇದನ್ನು ತೋರಿಸಲು ಎರಡು ಗಾಜಿನ ಬಾಟಲಿ ಸಾಕು. ಎರಡಕ್ಕೂ ಗುಳ್ಳೆ ಉಳಿಯದಂತೆ ಕೆರೆಯ ನೀರು ತುಂಬಿ ಮುಚ್ಚಿ, ಒಂದಕ್ಕೆ ಕಪ್ಪು ಕಾಗದ ಸುತ್ತಿ, ಎರಡನ್ನೂ ಕೆಲವು ಗಂಟೆ ಬೆಳಕಿನಲ್ಲಿಡಬೇಕು. ಮೊದಲೂ ಕೊನೆಗೂ ಆಮ್ಲಜನಕ ಅಳೆದರೆ ಕಪ್ಪು ಬಾಟಲಿಯಲ್ಲಿ ಇಳಿದದ್ದು ಉಸಿರಾಟಕ್ಕೆ ಹೋದ ಪಾಲು. ಎರಡೂ ಬಾಟಲಿಗಳ ಕೊನೆಯ ಅಳತೆಯ ವ್ಯತ್ಯಾಸವೇ ಪಾಚಿ ತಯಾರಿಸಿದ ಒಟ್ಟು ಆಮ್ಲಜನಕ. ಅಳೆಯುವ ಕಿಟ್ ಇಲ್ಲದ ಶಾಲೆಯಲ್ಲಿ ಅಂಕಿಗಳನ್ನು ಕೊಟ್ಟು ಲೆಕ್ಕ ಮಾಡಿಸಬಹುದು. ಪಾಠ ಸ್ವಲ್ಪ ಸಪ್ಪೆಯಾಗುತ್ತದೆ, ಅಷ್ಟೆ.

ಕೆರೆಯ ರಂಜಕವನ್ನು ಮೈಗೂಡಿಸಿಕೊಂಡ ತೇಲುವ ಕಳೆಯನ್ನು ಕಿತ್ತು ದಡದಲ್ಲೇ ರಾಶಿ ಹಾಕಿದರೆ ಮಳೆಗೆ ಕೊಳೆತು ಅದರ ರಂಜಕ ಮತ್ತೆ ಕೆರೆಗಿಳಿಯುತ್ತದೆ. ದೂರ ಸಾಗಿಸಿ ಗೊಬ್ಬರ ಮಾಡಿದರೆ ಹೊಲ ಸೇರುತ್ತದೆ. ಕೋಡಿಯ ನೀರಿನೊಡನೆ ಹೋದ ಪಾಲು ಬೆಳ್ಳಂದೂರು, ವರ್ತೂರು ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಯ ಕಡೆಗೆ ಸಾಗುತ್ತದೆ.