ಟೆಲಿವಿಷನ್ ಜಾಹೀರಾತಿನ ಲೆಕ್ಕದ ಮಾತುಗಳು

ನಮ್ಮ ಶಾಲೆಯಲ್ಲಿ ಓದಿ ಹೋದ ಒಬ್ಬಾಕೆ ಈಗ ತನ್ನ ಮನೆಯಲ್ಲಿಯೇ ಸಾರಿನ ಪುಡಿ, ಹುಳಿಪುಡಿ, ಚಟ್ನಿಪುಡಿಗಳನ್ನು ಮಾಡಿಸಿ ಮಾರುತ್ತಾಳೆ. ಆರು ಮಂದಿ ಹೆಂಗಸರಿಗೆ ಅದರಿಂದ ಜೀವನೋಪಾಯವಾಗಿರುವುದು. ಹೋದ ವರ್ಷ ದಸರೆಗೆ ಮುಂಚೆ ಒಂದು ಸಾಯಂಕಾಲ ಆಕೆ ನಾಲ್ಕು ಹಾಳೆಯ ಒಂದು ಪಟ್ಟಿಯನ್ನು ಹಿಡಿದುಕೊಂಡು ನಮ್ಮಲ್ಲಿಗೆ ಬಂದಳು. ಜಾಹೀರಾತು ಗೊತ್ತುಮಾಡಿಕೊಡುವ ಏಜೆಂಟರೊಬ್ಬರು ಅದನ್ನು ಕೊಟ್ಟು, ಒಂದು ಕನ್ನಡ ಚಾನೆಲ್ಲಿನಲ್ಲಿ ನಾಲ್ಕು ವಾರ ಜಾಹೀರಾತು ಹಾಕಿಸಬೇಕೆಂದೂ ಎರಡು ಲಕ್ಷ ರೂಪಾಯಿ ಸಾಕೆಂದೂ ಹೇಳಿದ್ದರಂತೆ. ಆ ಎರಡು ಲಕ್ಷವು ಪುಡಿಮಾಡುವ ಹೊಸ ಯಂತ್ರಕ್ಕಾಗಿ ಮೂರು ವರ್ಷ ಕೂಡಿಟ್ಟ ಹಣ. “ಟೀಚರಮ್ಮಾ, ಇದರ ತುಂಬ ಅಂಕೆಗಳೇ ಇವೆ. ನನಗೆ ಲೆಕ್ಕ ಕಲಿಸಿದವರು ನೀವು. ಹಣ ಕೊಡಬಹುದೋ ಕೂಡದೋ ನೀವೇ ಹೇಳಬೇಕು” ಎಂದಳು.

ಪಟ್ಟಿಯಲ್ಲಿ ಟಿ.ಆರ್.ಪಿ., ಶೇರ್, ರೀಚ್, ಜಿ.ಆರ್.ಪಿ. ಎಂಬ ಮಾತುಗಳಿದ್ದವು. ಶೇಕಡಾ ಲೆಕ್ಕವನ್ನು ಬಹುಕಾಲ ಕಲಿಸಿದ್ದಾಗ್ಯೂ ಆ ಹೊತ್ತಿಗೆ ನಮಗೂ ಅವುಗಳ ಅರ್ಥವು ಸರಿಯಾಗಿ ಗೊತ್ತಿರಲಿಲ್ಲವೆಂಬುದನ್ನು ಒಪ್ಪಿಕೊಳ್ಳಬೇಕು. ಒಂದು ವಾರ ಕಾಲಾವಕಾಶ ಕೇಳಿ, ಓದಿ, ವಿಚಾರಿಸಿ ತಿಳಿದುಕೊಂಡೆವು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಸಣ್ಣ ವ್ಯಾಪಾರ ಮಾಡುವವರು ಅನೇಕರಿದ್ದಾರೆ, ಧಾರಾವಾಹಿಯ ಟಿ.ಆರ್.ಪಿ. ಎಷ್ಟೆಂದು ಮನೆಯಲ್ಲಿ ವಾದಿಸುವ ಮಕ್ಕಳು ಎಲ್ಲ ತಾಯಿತಂದೆಗಳಿಗೂ ಇದ್ದಾರೆ. ಆದಕಾರಣ ತಿಳಿದದ್ದನ್ನು ಇಲ್ಲಿ ಬರೆಯುತ್ತೇವೆ.

ಮೊದಲು ತಿಳಿಯತಕ್ಕದ್ದೇನೆಂದರೆ, ಇಲ್ಲಿ ಮಾರಲ್ಪಡುವ ವಸ್ತುವು ಯಾವುದು ಎಂಬುದು. ಚಾನೆಲ್ಲಿನವರು ನಮಗೆ ಕಾರ್ಯಕ್ರಮವನ್ನು ಕೊಡುತ್ತಾರೆಂದೂ ನಡುವೆ ಜಾಹೀರಾತು ಬಂದು ತೊಂದರೆ ಮಾಡುವುದೆಂದೂ ನಾವು ಭಾವಿಸುತ್ತೇವೆ. ವ್ಯಾಪಾರದ ಕಣ್ಣಿನಿಂದ ನೋಡಿದರೆ ಮಾತು ತಿರುಗುಮುರುಗು. ಅಲ್ಲಿ ಮಾರುವವರು ಚಾನೆಲ್ಲಿನವರು, ಕೊಳ್ಳುವವರು ಜಾಹೀರಾತುದಾರರು, ಮಾರಾಟದ ಸರಕು ನಾವು ಪೆಟ್ಟಿಗೆಯ ಮುಂದೆ ಕುಳಿತಿರುವ ಹೊತ್ತು. ೧೯೪೧ನೆಯ ಜುಲೈ ೧ರಂದು ನ್ಯೂಯಾರ್ಕಿನಲ್ಲಿ ಬುಲೋವಾ ಗಡಿಯಾರದ ಪ್ರಕಟನೆಯೊಂದಿಗೆ ಈ ವ್ಯಾಪಾರವು ಆರಂಭವಾಯಿತೆನ್ನುತ್ತಾರೆ. ನಮ್ಮ ದೇಶದಲ್ಲಿ ೧೯೫೯ನೆಯ ಸೆಪ್ಟೆಂಬರ್ ೧೫ರಂದು ದೆಹಲಿಯಲ್ಲಿ ಟೆಲಿವಿಷನ್ ಮೊದಲಾದರೂ, ದೂರದರ್ಶನವು ಜಾಹೀರಾತು ತೆಗೆದುಕೊಂಡದ್ದು ೧೯೭೬ನೆಯ ಜನವರಿ ೧ರಿಂದ. ಬಟ್ಟೆಯನ್ನು ಗಜದ ಮೇಲೆ ಮಾರುವಂತೆ ಇಲ್ಲಿ ಹತ್ತು ಸೆಕೆಂಡಿನ ಮೇಲೆ ಕ್ರಯ ಕಟ್ಟುವುದು ವಾಡಿಕೆ. ಆದರೆ ಬಟ್ಟೆಯನ್ನು ಕೊಳ್ಳುವವನು ಕೈಯಿಂದ ಮುಟ್ಟಿ ನೋಡಬಲ್ಲನು. ಹತ್ತು ಸೆಕೆಂಡನ್ನು ಕೊಂಡವನಿಗೆ ಅದರ ಮುಂದೆ ಎಷ್ಟು ಜನ ಕುಳಿತಿದ್ದರೆಂಬುದು ಕಾಣುವುದಿಲ್ಲ. ಆ ಕಾಣದ ಜನವನ್ನು ಎಣಿಸಿಕೊಡುವುದಕ್ಕಾಗಿಯೇ ಈ ಎಲ್ಲಾ ಮಾತುಗಳು ಹುಟ್ಟಿವೆ.

ಟೆಲಿವಿಷನ್ ಇರುವ ಮನೆಗಳವರು ಒಟ್ಟು ಸಾವಿರ ಜನರಿರುವ ಒಂದು ಊರನ್ನು ಎಣಿಸಿಕೊಳ್ಳೋಣ. ರಾತ್ರಿ ಎಂಟು ಗಂಟೆಗೆ ಅವರಲ್ಲಿ ನಾನೂರು ಜನ ಯಾವುದಾದರೊಂದು ಚಾನೆಲ್ಲನ್ನು ನೋಡುತ್ತಿದ್ದಾರೆ; ನೂರು ಜನ ನೋಡುತ್ತಿರುವುದು ಒಂದೇ ಧಾರಾವಾಹಿಯನ್ನು. ಇಡೀ ಊರಿನ ಸಾವಿರಕ್ಕೆ ನೂರು ಎಂದರೆ ಶೇಕಡಾ ೧೦. ಇದಕ್ಕೆ ರೇಟಿಂಗ್ ಎಂದು ಹೆಸರು. ಒಂದು ಶೇಕಡಾ ಒಂದು ಪಾಯಿಂಟು. ಟಿ.ಆರ್.ಪಿ. ಎಂಬುದು ಇದೇ. ನಮ್ಮ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ನಂಬಿದ್ದಂತೆ ಟಿ.ಆರ್.ಪಿ. ಎಂಟು ಎಂದರೆ ಎಂಟು ಲಕ್ಷ ಜನವಲ್ಲ. ಇನ್ನು, ಆ ಹೊತ್ತಿನಲ್ಲಿ ನೋಡುತ್ತಿರುವ ನಾನೂರರಲ್ಲಿ ನೂರು ಎಂದು ಲೆಕ್ಕ ಹಾಕಿದರೆ ಶೇಕಡಾ ೨೫ ಆಗುವುದು. ಇದು ಶೇರ್, ಅಂದರೆ ಪಾಲು.

ಈಗ ಅದೇ ಊರಿನಲ್ಲಿ ರಾತ್ರಿ ಹನ್ನೊಂದೂವರೆ ಗಂಟೆ. ಊರೆಲ್ಲಾ ಮಲಗಿದೆ. ನಿದ್ರೆ ಬಾರದ ನಲವತ್ತು ಜನ ನೋಡುತ್ತಿದ್ದಾರೆ. ಅವರಲ್ಲಿ ಇಪ್ಪತ್ತು ಜನ ಇನ್ನೊಂದು ಚಾನೆಲ್ಲಿನ ಮುಂದೆ ಇದ್ದಾರೆ. ಆ ಚಾನೆಲ್ಲಿನ ರೇಟಿಂಗ್ ಕೇವಲ ೨. ಆದರೆ ಪಾಲು ಶೇಕಡಾ ೫೦. “ನೋಡುಗರಲ್ಲಿ ಅರ್ಧ ಜನ ನಮ್ಮವರು” ಎಂದು ಅವರು ಸಾರಿಕೊಂಡರೆ ಅದು ಸುಳ್ಳಲ್ಲ. ಆದರೆ ಎಂಟು ಗಂಟೆಯ ಶೇಕಡಾ ೨೫ರಲ್ಲಿ ನೂರು ಜನರಿದ್ದರು, ಈ ಶೇಕಡಾ ೫೦ರಲ್ಲಿ ಇರುವವರು ಇಪ್ಪತ್ತು. ಶೇಕಡಾ ಎಂಬ ಮಾತನ್ನು ಕೇಳಿದ ಕೂಡಲೆ “ಯಾವುದರ ಶೇಕಡಾ?” ಎಂದು ಕೇಳಬೇಕೆಂದು ನಾವು ತರಗತಿಯಲ್ಲಿ ಎಷ್ಟು ಸಾರಿ ಹೇಳಿದ್ದೇವೆಂಬುದನ್ನು ಹಳೆಯ ವಿದ್ಯಾರ್ಥಿನಿಯರು ಮರೆತಿರಲಾರರು.

ರೀಚ್ ಎಂಬುದು ಮತ್ತೊಂದು ಬಗೆಯ ಎಣಿಕೆ. ಅರ್ಧ ಗಂಟೆಯ ಕಾರ್ಯಕ್ರಮವನ್ನು ಅಜ್ಜಿ ಪೂರ್ತಿ ಮೂವತ್ತು ನಿಮಿಷವೂ ನೋಡಿದರು. ಸೊಸೆ ಒಲೆಗೂ ನಡುಮನೆಗೂ ಓಡಾಡುತ್ತಾ ಹದಿನೈದು ನಿಮಿಷ ನೋಡಿದಳು. ಮೊಮ್ಮಗನು ಚಾನೆಲ್ ಬದಲಾಯಿಸುತ್ತಾ ಮೂರು ನಿಮಿಷ ನಿಂತು ಮುಂದೆ ಹೋದನು. ಒಂದು ನಿಮಿಷವಾದರೂ ನೋಡಿದವರನ್ನೆಲ್ಲಾ ಎಣಿಸಿದರೆ ಮೂರು ಜನ, ಇದು ರೀಚ್. ಮೂವರ ನಿಮಿಷಗಳನ್ನು ಕೂಡಿಸಿದರೆ ೪೮. ಅದನ್ನು ಕಾರ್ಯಕ್ರಮದ ೩೦ ನಿಮಿಷಗಳಿಂದ ಭಾಗಿಸಿದರೆ ೧.೬. ಅಂದರೆ ಯಾವ ನಿಮಿಷವನ್ನು ತೆಗೆದುಕೊಂಡರೂ ಸರಾಸರಿ ಒಂದೂವರೆ ಜನಕ್ಕಿಂತ ಸ್ವಲ್ಪ ಹೆಚ್ಚು ಮಂದಿ ಇದ್ದಂತಾಯಿತು. ಇದನ್ನು ಸರಾಸರಿ ನಿಮಿಷದ ಪ್ರೇಕ್ಷಕರು ಎನ್ನುತ್ತಾರೆ, ಪಟ್ಟಿಗಳಲ್ಲಿ ಎ.ಎಂ.ಎ. ಎಂದು ಬರೆದಿರುವುದು. ರೇಟಿಂಗ್ ಹುಟ್ಟುವುದು ಈ ಸರಾಸರಿಯಿಂದಲೇ ಹೊರತು ರೀಚಿನಿಂದಲ್ಲ. ಬಾಗಿಲಲ್ಲಿ ಹಣಿಕಿ ನೋಡಿದವರನ್ನೂ ಊಟಕ್ಕೆ ಕುಳಿತವರನ್ನೂ ಒಂದೇ ಎಂದು ಎಣಿಸುವ ಕಾರಣ ರೀಚಿನ ಅಂಕೆಯು ಯಾವಾಗಲೂ ದೊಡ್ಡದಾಗಿ ಕಾಣುವುದು.

ಈ ಎಣಿಕೆಯನ್ನು ಯಾರು ಮಾಡುತ್ತಾರೆ? “ನಮ್ಮ ಮನೆಗೆ ಯಾರೂ ಬಂದು ಕೇಳಲೇ ಇಲ್ಲವಲ್ಲ!” ಎಂಬುದು ಎಲ್ಲರ ಆಕ್ಷೇಪಣೆ. ಮುಂಚೆ ಕೆಲವು ಮನೆಯವರಿಂದ ದಿನಚರಿಯ ಪುಸ್ತಕದಲ್ಲಿ ಬರೆಸುತ್ತಿದ್ದರು. ಆಮೇಲೆ ಮೀಟರುಗಳು ಬಂದವು. ಚಾನೆಲ್ಲಿನವರು, ಜಾಹೀರಾತುದಾರರು, ಜಾಹೀರಾತು ಏಜೆನ್ಸಿಯವರು ಈ ಮೂರು ಪಕ್ಷದವರೂ ಕೂಡಿ ೨೦೧೦ರಲ್ಲಿ ಸ್ಥಾಪಿಸಿದ ಬಾರ್ಕ್ ಎಂಬ ಸಂಸ್ಥೆಯು ೨೦೧೫ನೆಯ ಏಪ್ರಿಲಿನಿಂದ ಅಂಕೆಗಳನ್ನು ಪ್ರಕಟಿಸತೊಡಗಿತು. ೨೦೨೦ರ ಸುಮಾರಿಗೆ ದೇಶದಲ್ಲಿ ಟೆಲಿವಿಷನ್ ಇದ್ದ ಮನೆಗಳು ಸುಮಾರು ೨೧ ಕೋಟಿಯೆಂದು ಅದೇ ಸಂಸ್ಥೆಯ ಅಂದಾಜು. ಮೀಟರು ಇಟ್ಟಿದ್ದ ಮನೆಗಳು ಸುಮಾರು ೪೪,೦೦೦. ಒಂದೊಂದು ಮನೆಯು ನಾಲ್ಕು ಸಾವಿರದ ಏಳುನೂರಕ್ಕಿಂತ ಹೆಚ್ಚು ಮನೆಗಳ ಪರವಾಗಿ ಸಾಕ್ಷಿ ಹೇಳಬೇಕು.

ಆ ಮನೆಗಳ ಹೆಸರು ಗುಪ್ತ. ಮನೆಯ ಒಬ್ಬೊಬ್ಬರಿಗೂ, ಎರಡು ವರ್ಷ ತುಂಬಿದ ಮಗುವಿಗೂ ಕೂಡ, ಒಂದೊಂದು ಗುಂಡಿಯನ್ನು ಗೊತ್ತುಮಾಡಿರುತ್ತಾರೆ. ನೋಡಲು ಕುಳಿತಾಗ ತನ್ನ ಗುಂಡಿಯನ್ನು ಒತ್ತಬೇಕು, ಎದ್ದು ಹೋಗುವಾಗ ಪುನಃ ಒತ್ತಬೇಕು. ಯಾವ ಚಾನೆಲ್ ನಡೆಯುತ್ತಿದೆಯೆಂಬುದನ್ನು ಮೀಟರು ತಾನೇ ತಿಳಿದುಕೊಳ್ಳುವುದು. ಚಾನೆಲ್ಲಿನವರು ತಮ್ಮ ಧ್ವನಿಯೊಳಗೆ ಮನುಷ್ಯರ ಕಿವಿಗೆ ಕೇಳಿಸದ ಒಂದು ಗುರುತನ್ನು ಬೆರೆಸಿರುತ್ತಾರೆ. ನೋಟಿನ ಕಾಗದದಲ್ಲಿ ನೀರುಗುರುತು ಇರುವಂತೆಯೇ ಇದು. ಹೀಗೆ ಚಾನೆಲ್ಲಿನ ವಿಷಯದಲ್ಲಿ ಯಂತ್ರವು ಸಾಕ್ಷಿ, ಜನರ ವಿಷಯದಲ್ಲಿ ಗುಂಡಿಯನ್ನು ಒತ್ತುವ ಬೆರಳೇ ಸಾಕ್ಷಿ. ಒತ್ತಿ ಕುಳಿತವರು ನೋಡುತ್ತಿದ್ದಾರೋ ತೂಕಡಿಸುತ್ತಿದ್ದಾರೋ ಎಂಬುದು ಮೀಟರಿಗೆ ತಿಳಿಯದು. ಮೆಚ್ಚಿ ನೋಡಿದರೋ ಬೈದುಕೊಂಡು ನೋಡಿದರೋ ಎಂಬುದೂ ತಿಳಿಯದು.

ಇಷ್ಟು ಕಡಿಮೆ ಮನೆಗಳಿಂದ ಇಡೀ ದೇಶವನ್ನು ಅಳೆಯಬಹುದೇ ಎಂದರೆ, ಒಂದು ಮಟ್ಟಿಗೆ ಅಳೆಯಬಹುದು. ಒಂದು ಹಂಡೆ ಸಾರಿನ ಉಪ್ಪು ನೋಡುವುದಕ್ಕೆ ಒಂದು ಸೌಟು ಸಾಕಷ್ಟೆ. ಹಂಡೆಯು ದೊಡ್ಡದಾದ ಮಾತ್ರಕ್ಕೆ ಸೌಟು ದೊಡ್ಡದಾಗಬೇಕಾಗಿಲ್ಲ. ಆದರೆ ತಳದಿಂದ ಕಲಕಿರಬೇಕು, ಅಂದರೆ ಹಳ್ಳಿ ಪಟ್ಟಣ, ಬಡವ ಬಲ್ಲಿದ, ಹಿರಿಯ ಕಿರಿಯ ಎಲ್ಲರೂ ತಕ್ಕ ಪ್ರಮಾಣದಲ್ಲಿ ಸೌಟಿನೊಳಗೆ ಬಂದಿರಬೇಕು. ಕಲಕಿದಮೇಲೂ ಸ್ವಲ್ಪ ತಪ್ಪು ಉಳಿಯುವುದು. ಒಂದು ಪ್ರದೇಶದಲ್ಲಿ ೪೦೦ ಜನರನ್ನು ಅಳೆದು ೪೦ ಜನ ನೋಡಿದರೆಂದು ಕಂಡರೆ ರೇಟಿಂಗ್ ೧೦. ನಿಜವಾದ ಅಂಕೆಯು ಸಾಮಾನ್ಯವಾಗಿ ೭ಕ್ಕೂ ೧೩ಕ್ಕೂ ನಡುವೆ ಎಲ್ಲಿಯಾದರೂ ಇರಬಹುದು. ಅದೇ ೪೦೦ ಜನರಲ್ಲಿ ನಾಲ್ವರೇ ನೋಡಿದರೆ ರೇಟಿಂಗ್ ೧. ಆಗ ನಿಜವು ಹೆಚ್ಚು ಕಡಿಮೆ ಸೊನ್ನೆಯೂ ಆಗಿರಬಹುದು, ೨ರಷ್ಟೂ ಆಗಿರಬಹುದು. ಆ ನಾಲ್ವರಲ್ಲಿ ಇಬ್ಬರು ಮದುವೆಗೆ ಹೋದರೆ ಚಾನೆಲ್ಲಿನ ಪ್ರೇಕ್ಷಕರು ಅರ್ಧಕ್ಕೆ ಇಳಿದರೆಂದು ವರದಿಯಾಗುವುದು! ಈ ತಪ್ಪನ್ನು ಅರ್ಧಕ್ಕೆ ಇಳಿಸಬೇಕಾದರೆ ಅಳೆಯುವ ಜನವನ್ನು ನಾಲ್ಕು ಪಾಲು ಮಾಡಬೇಕು. ಅದಕ್ಕೆ ತಕ್ಕಂತೆ ಖರ್ಚೂ ಏರುವುದು.

ಕೆಲವೇ ಮನೆಗಳ ಮೇಲೆ ಇಷ್ಟು ಭಾರವು ನಿಂತಿರುವಲ್ಲಿ ದುರಾಶೆಗೂ ದಾರಿಯುಂಟು. ೨೦೨೦ನೆಯ ಅಕ್ಟೋಬರಿನಲ್ಲಿ ಮುಂಬಯಿಯ ಪೊಲೀಸರು, ಮೀಟರು ಇದ್ದ ಕೆಲವು ಮನೆಯವರಿಗೆ ಹಣ ಕೊಟ್ಟು ಕೆಲವು ಚಾನೆಲ್ಲುಗಳನ್ನು ಹಾಕಿಡುವಂತೆ ಮಾಡಲಾಗಿತ್ತೆಂಬ ಆಪಾದನೆಯನ್ನು ಪ್ರಕಟಿಸಿದರು. ಆ ಮೊಕದ್ದಮೆಯು ಶಿಕ್ಷೆಯವರೆಗೆ ಹೋಗಲಿಲ್ಲ; ೨೦೨೪ರಲ್ಲಿ ಮಹಾರಾಷ್ಟ್ರ ಸರ್ಕಾರವೇ ಅದನ್ನು ಹಿಂತೆಗೆದುಕೊಂಡಿತು. ಆದರೆ ಬಾರ್ಕ್ ಸಂಸ್ಥೆಯು ೨೦೨೦ರ ಅದೇ ತಿಂಗಳಲ್ಲಿ ಸುದ್ದಿಯ ಚಾನೆಲ್ಲುಗಳ ಬಿಡಿ ಅಂಕೆಗಳನ್ನು ನಿಲ್ಲಿಸಿ, ೨೦೨೨ನೆಯ ಮಾರ್ಚಿಯಲ್ಲಿ ಪುನಃ ಕೊಡತೊಡಗಿದಾಗ ಒಂದು ವಾರದ ಲೆಕ್ಕಕ್ಕೆ ಬದಲಾಗಿ ನಾಲ್ಕು ವಾರಗಳ ಸರಾಸರಿಯನ್ನು ಕೊಟ್ಟಿತು. ಸೌಟನ್ನು ದೊಡ್ಡದು ಮಾಡುವ ಉಪಾಯಗಳಲ್ಲಿ ಇದೂ ಒಂದು.

ಜಾಹೀರಾತುದಾರರಿಗೆ ಎಲ್ಲರೂ ಬೇಕಾಗಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಅವರಿಗೆ ಬೇಕಾದವರ ಗುಂಪಿಗೆ ಟಾರ್ಗೆಟ್ ಗ್ರೂಪ್ ಎಂದು ಹೆಸರು. ಹೆಂಗಸರು, ೨೨ರಿಂದ ೪೦ ವಯಸ್ಸು ಎಂದು ಒಬ್ಬರು ಕೇಳಿದರೆ, ೨ರಿಂದ ೧೪ರ ಮಕ್ಕಳು ಎಂದು ಇನ್ನೊಬ್ಬರು ಕೇಳುತ್ತಾರೆ. ಮನೆಯ ಅಂತಸ್ತನ್ನೂ ಅಕ್ಷರಗಳಿಂದ ಗುರುತಿಸುತ್ತಾರೆ: ಸಂಪಾದಿಸುವ ಮುಖ್ಯಸ್ಥರು ಎಷ್ಟು ಓದಿದ್ದಾರೆ, ಹನ್ನೊಂದು ವಸ್ತುಗಳ ಒಂದು ಪಟ್ಟಿಯಲ್ಲಿ ಎಷ್ಟು ಆ ಮನೆಯಲ್ಲಿವೆ ಎಂಬ ಎರಡೇ ಪ್ರಶ್ನೆಗಳಿಂದ. ವರಮಾನವನ್ನು ಯಾರೂ ನಿಜವಾಗಿ ಹೇಳಲಾರರೆಂಬ ಅನುಭವವು ಇದರ ಹಿಂದೆ ಇರಬೇಕೆಂದು ನಮ್ಮ ಊಹೆ. ನಮ್ಮ ಮಗುವು ಕಾರ್ಟೂನು ನೋಡುತ್ತಾ ಕುಳಿತಿರುವಾಗ ಅಂಥದೊಂದು ಗುಂಪಿನ ಹೆಸರಿನಲ್ಲಿ ಅದರ ಹೊತ್ತು ಮಾರಾಟವಾಗುತ್ತಿರುವುದೆಂಬುದು ತಾಯಿತಂದೆಗಳ ಗಮನದಲ್ಲಿರಲಿ.

ಇನ್ನು ಜಿ.ಆರ್.ಪಿ. ಒಂದು ಜಾಹೀರಾತು ಎಷ್ಟು ಬಾರಿ ಬಂದಿತೋ ಅಷ್ಟು ಬಾರಿಯ ರೇಟಿಂಗುಗಳ ಮೊತ್ತವೇ ಇದು. ೫ ರೇಟಿಂಗಿನ ಕಾರ್ಯಕ್ರಮದಲ್ಲಿ ಹತ್ತು ಬಾರಿ ಬಂದರೆ ೫೦. ನೂರು ಬಾರಿ ಬಂದರೆ ೫೦೦ ಆಗುವುದು. ಶೇಕಡಾ ಎಂಬುದು ನೂರನ್ನು ಮೀರುವುದು ಹೇಗೆಂದು ಹುಡುಗಿಯರು ನಕ್ಕರು. ಒಬ್ಬರನ್ನೇ ಅನೇಕ ಸಾರಿ ಎಣಿಸಿದ್ದರಿಂದ ಮೀರುವುದು. ೫೦ ಎಂಬಲ್ಲಿ ನೂರರಲ್ಲಿ ಇಪ್ಪತ್ತೈದು ಜನ ಎರಡೆರಡು ಸಾರಿ ನೋಡಿರಬಹುದು, ಹತ್ತು ಜನ ಐದೈದು ಸಾರಿ ನೋಡಿರಬಹುದು. ಮೊತ್ತವು ಅದನ್ನು ಹೇಳುವುದಿಲ್ಲ. ಕೊಟ್ಟ ಹಣವನ್ನು ಈ ಮೊತ್ತದಿಂದ ಭಾಗಿಸಿದರೆ ಒಂದು ಪಾಯಿಂಟಿಗೆ ಎಷ್ಟು ಬಿತ್ತೆಂಬುದು ತಿಳಿಯುವುದು. ಇದನ್ನು ಸಿ.ಪಿ.ಆರ್.ಪಿ. ಎನ್ನುತ್ತಾರೆ. ಅಂಗಡಿಯಲ್ಲಿ ಚೀಲದ ಬೆಲೆಯನ್ನು ನೋಡದೆ ಸೇರಿನ ಧಾರಣೆಯನ್ನು ಕೇಳುವ ಗೃಹಿಣಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇಷ್ಟನ್ನು ತಿಳಿದುಕೊಂಡು ಆಕೆಯ ಪಟ್ಟಿಯನ್ನು ಬಿಚ್ಚಿದೆವು. “ಶೇರ್ ಶೇಕಡಾ ೨೮” ಎಂದು ದಪ್ಪಕ್ಷರದಲ್ಲಿದ್ದುದು ರಾತ್ರಿ ಹನ್ನೊಂದರಿಂದ ಹನ್ನೆರಡರವರೆಗಿನ ಪಾಲು. “ರೀಚ್ ೪೦ ಲಕ್ಷ” ಎಂಬುದು ವಾರದಲ್ಲಿ ಒಂದು ನಿಮಿಷವಾದರೂ ಆ ಚಾನೆಲ್ಲನ್ನು ನೋಡಿದವರ ಸಂಖ್ಯೆ, ಜಾಹೀರಾತನ್ನು ನೋಡುವವರದ್ದಲ್ಲ. ರೇಟಿಂಗ್ ಎಷ್ಟೆಂದು ಎಲ್ಲಿಯೂ ಬರೆದಿರಲಿಲ್ಲ. ಸಾರಿನ ಪುಡಿ ಕೊಳ್ಳುವ ಪ್ರಾಯದ ಹೆಂಗಸರಲ್ಲಿ ಆ ಹೊತ್ತಿನ ರೇಟಿಂಗ್ ಎಷ್ಟು, ಮಧ್ಯಾಹ್ನದ ಹೊತ್ತಿನದು ಎಷ್ಟು ಎಂದು ಕೇಳಿ ಬಾ ಎಂದು ಹೇಳಿ ಕಳುಹಿಸಿದೆವು. ಏಜೆಂಟರು ಬೇಸರಪಡದೆ ಬೇರೊಂದು ಪಟ್ಟಿಯನ್ನು ಕೊಟ್ಟರು. ಕೇಳಿದವರಿಗೆ ಕೊಡುವ ಪದ್ಧತಿಯೇ ಇದೆಯಂತೆ. ರಾತ್ರಿಯದು ೦.೩, ಒಂದು ಬಾರಿಗೆ ೨,೦೦೦ ರೂಪಾಯಿ, ನೂರು ಬಾರಿಗೆ ಎರಡು ಲಕ್ಷ, ಜಿ.ಆರ್.ಪಿ. ೩೦. ಮಧ್ಯಾಹ್ನದ್ದು ೧.೫, ಒಂದು ಬಾರಿಗೆ ೭,೫೦೦ ರೂಪಾಯಿ. ಆಕೆಯೇ ಪೆನ್ಸಿಲ್ ತೆಗೆದುಕೊಂಡು ಅಂಚಿನಲ್ಲಿ ಭಾಗಿಸಿದಳು: ರಾತ್ರಿಯ ಒಂದು ಪಾಯಿಂಟಿಗೆ ೬,೬೬೭ ರೂಪಾಯಿ, ಮಧ್ಯಾಹ್ನದ್ದಕ್ಕೆ ೫,೦೦೦. ಅಗ್ಗವೆಂದು ತೋರಿದ್ದೇ ತುಟ್ಟಿಯಾಗಿತ್ತು.

ಆಕೆ ದಸರೆಯ ಮುಂಚಿನ ಎರಡು ವಾರ ಮಧ್ಯಾಹ್ನ ಹತ್ತು ಬಾರಿ ಮಾತ್ರ ಹಾಕಿಸಿ ೭೫,೦೦೦ ರೂಪಾಯಿ ಕೊಟ್ಟಳು. ಉಳಿದ ಹಣವು ಯಂತ್ರದ ಲೆಕ್ಕದಲ್ಲಿಯೇ ಉಳಿಯಿತು. ಆ ತಿಂಗಳು ಪುಡಿಗಳು ಹೆಚ್ಚು ಮಾರಿದವು. ಆದರೆ ಹಬ್ಬದ ತಿಂಗಳಲ್ಲಿ ಅವು ಪ್ರತಿವರ್ಷವೂ ಹೆಚ್ಚು ಮಾರುತ್ತವೆ. ಇದರಲ್ಲಿ ಜಾಹೀರಾತಿನಿಂದ ಬಂದದ್ದು ಎಷ್ಟೆಂಬುದನ್ನು ಯಾವ ರೇಟಿಂಗೂ ಹೇಳಲಾರದು. ಆದ್ದರಿಂದ ಈಗ ಆಕೆಯ ಆರ್ಡರ್ ಪುಸ್ತಕದಲ್ಲಿ ಹೊಸದಾಗಿ ಒಂದು ಅಂಕಣವನ್ನು ಗೆರೆ ಹಾಕಲಾಗಿದೆ. ಹೊಸಬರು ಯಾರು ಕೇಳಿಕೊಂಡು ಬಂದರೂ, ನಮ್ಮ ಹೆಸರು ನಿಮಗೆ ಎಲ್ಲಿ ತಿಳಿಯಿತೆಂದು ವಿಚಾರಿಸಿ ಅದರಲ್ಲಿ ಬರೆದಿಡುತ್ತಾಳೆ.