ಖಾತೆಯ ಹಣ ಕಡಮೆಯಾದರೆ



ಹಾಲಿನ ಹಣ ಜಮೆಯಾಯಿತೆಂದು ಬ್ಯಾಂಕಿಗೆ ಹೋಗುತ್ತೀರಿ. ಪಾಸ್ ಪುಸ್ತಕ ನೋಡಿದರೆ ಎಣಿಸಿದ್ದಕ್ಕಿಂತ ಕಡಮೆ! ಕಳವೇನೂ ಆಗಿಲ್ಲ. ಸಾಧಾರಣ ಉಳಿತಾಯ ಖಾತೆಗಳಲ್ಲಿ ಹಲವಕ್ಕೆ ಕನಿಷ್ಠ ಶಿಲ್ಕಿನ ನಿಯಮವುಂಟು. ಶಿಲ್ಕು ಅದಕ್ಕಿಂತ ಇಳಿದರೆ ದಂಡ. ಅದರ ಮೇಲೆ ಎ.ಟಿ.ಎಂ. ಕಾರ್ಡಿನ ವರ್ಷದ ಶುಲ್ಕ. ಲಕ್ಷ ಇಟ್ಟವರಿಗೆ ಈ ದಂಡ ತಗಲದು, ಇನ್ನೂರು ಇಟ್ಟವರಿಗೇ ತಗಲುವುದು. ವಿಚಿತ್ರವೇ ಸರಿ. ನೂರು ರೂಪಾಯಿ ಹೋದರೆ ಕೂಲಿಯವರ ಮನೆಗೆ ವಾರದ ಬೇಳೆ ಹೋದಂತೆ. ಕೆಲವು ಬ್ಯಾಂಕುಗಳು ದಂಡವನ್ನು ಕೈಬಿಟ್ಟಿವೆ, ಎಲ್ಲವೂ ಬಿಟ್ಟಿಲ್ಲ.

ಇದಕ್ಕೊಂದು ದಾರಿಯಿದೆ. ಕನಿಷ್ಠ ಶಿಲ್ಕು ಬೇಡದ 'ಮೂಲ ಉಳಿತಾಯ ಖಾತೆ'ಯನ್ನು ಕೇಳಿದವರಿಗೆಲ್ಲ ಕೊಡಬೇಕೆಂದು ರಿಸರ್ವ್ ಬ್ಯಾಂಕು 2012ರಲ್ಲಿ ಬ್ಯಾಂಕುಗಳಿಗೆ ಆಜ್ಞೆ ಮಾಡಿತು. 2014ರಲ್ಲಿ ಬಂದ ಜನಧನ ಖಾತೆಯೂ ಇದೇ ಬಗೆಯದು. ಶಿಲ್ಕು ಸೊನ್ನೆಯಾದರೂ ದಂಡವಿಲ್ಲ, ಕಾರ್ಡಿಗೆ ವರ್ಷದ ಶುಲ್ಕವಿಲ್ಲ. ತಿಂಗಳಿಗೆ ಕನಿಷ್ಠ 4 ಸಲ ಖರ್ಚಿಲ್ಲದೆ ಹಣ ತೆಗೆಯಬಹುದು. ಆದರೆ ಅದೇ ಬ್ಯಾಂಕಿನಲ್ಲಿ ನಿಮಗೆ ಬೇರೆ ಉಳಿತಾಯ ಖಾತೆ ಇರಕೂಡದು.

ಸಾಧಾರಣ ಖಾತೆಯಲ್ಲಿಯೂ ಈ ದಂಡವೊಂದರಿಂದಲೇ ಶಿಲ್ಕು ಸೊನ್ನೆಗಿಂತ ಕೆಳಗಿಳಿಯಬಾರದೆಂದು 2015ರಿಂದ ನಿಯಮವಿದೆ.

ಮುಂದಿನ ಸಲ ಹೋದಾಗ ಪಾಸ್ ಪುಸ್ತಕ ಮುಂದಿಟ್ಟು, "ಸ್ವಾಮಿ, ನನ್ನದು ಯಾವ ಬಗೆಯ ಖಾತೆ?" ಎಂದು ಕೇಳಿರಿ. ಸಾಧಾರಣದ್ದೆಂದರೆ, ಮೂಲ ಉಳಿತಾಯ ಖಾತೆಗೆ ಬದಲಾಯಿಸಬೇಕೆಂದು ಅಲ್ಲಿಯೇ ಅರ್ಜಿ ಬರೆದುಕೊಡಿರಿ.