ಕತ್ತರಿಯ ಗುರುತು ಕಾಣಬಾರದು



ಬಾನುಲಿ ನಾಟಕಗಳಲ್ಲಿ ನೀವು ಆಗೊಮ್ಮೆ ಈಗೊಮ್ಮೆ ನನ್ನ ದನಿ ಕೇಳಿರಬಹುದು. ಕಣ್ಣಿಗೆ ಕಾಣುವ ಕೆಲಸ ನನ್ನದಲ್ಲ. ಆದರೂ ನಲವತ್ತು ದಾಟಿದ ಮೇಲೆ, ಶನಿವಾರ ಭಾನುವಾರ ಮಾತ್ರ ನಡೆಯುವ ಚಲನಚಿತ್ರ ತರಗತಿಯೊಂದಕ್ಕೆ ಸೇರಿಕೊಂಡೆ. ಸಹಪಾಠಿಗಳೆಲ್ಲ ನನ್ನ ಅರ್ಧ ವಯಸ್ಸಿನವರು. ಮೊದಲ ಪಾಠಕ್ಕೇ ಮೇಷ್ಟ್ರು ಒಂದು ಕೆಲಸ ಹಚ್ಚಿದರು: ಒಬ್ಬ ವ್ಯಕ್ತಿ ಬಾಗಿಲು ತೆಗೆದು ಒಳಗೆ ಬರಬೇಕು, ಕೋಣೆ ದಾಟಬೇಕು, ಇನ್ನೊಬ್ಬನ ಎದುರು ಕೂರಬೇಕು, ಇಬ್ಬರೂ ಎರಡು ಮಾತಾಡಬೇಕು. ಮೂರು ನಿಮಿಷ ಮೀರಬಾರದು. ನೋಡುವವರಿಗೆ ಕತ್ತರಿ ಹಾಕಿದ್ದು ಗೊತ್ತಾಗಬಾರದು.

ಇಷ್ಟೇನಾ ಎಂದು ನಕ್ಕೆವು. ಆ ನಗು ಒಂದೇ ದಿನದಲ್ಲಿ ಇಳಿಯಿತು.

ಕೋಣೆ ಸಿಕ್ಕಿದ್ದು ಪರೇಲಿನಲ್ಲಿ. ನನ್ನ ದೊಡ್ಡಪ್ಪ ಕುಂದಾಪುರದ ಕಡೆಯಿಂದ ಹುಡುಗನಾಗಿ ಬಂದು, ಹೋಟೆಲಿನಲ್ಲಿ ಲೋಟ ತೊಳೆಯುವುದರಿಂದ ಶುರುಮಾಡಿ ಗಲ್ಲೆಯ ಮೇಲೆ ಕೂರುವ ತನಕ ದುಡಿದವರು. ಅವರು ಬದುಕು ಕಳೆದ ಹತ್ತು ಅಡಿಗೆ ಹನ್ನೆರಡು ಅಡಿಯ ಖೋಲಿ ಅದು. ಚಾಳು ಪುನರಾಭಿವೃದ್ಧಿಗೆ ಹೋಗುತ್ತಿತ್ತು. ಮುಂದಿನ ವಾರ ಬೀಗದ ಕೈ ಒಪ್ಪಿಸಬೇಕಿತ್ತು. ಹಾಗಾಗಿ ನಮ್ಮ ಕತೆಯೂ ಅದೇ ಆಯಿತು. ಅಪ್ಪ ಹಾಲಿನ ಚೀಲ ಹಿಡಿದು ಹೊರಗಿನಿಂದ ಬರುತ್ತಾನೆ. ಚಾವಿ ಕೇಳಲು ಬಂದ ಮಗ ಕಾಯುತ್ತಾ ಕೂತಿದ್ದಾನೆ. ಅಪ್ಪನ ಪಾತ್ರಕ್ಕೆ ದೊಡ್ಡಪ್ಪನೇ, ಮಗನ ಪಾತ್ರಕ್ಕೆ ಎರಡು ಸಾಲು ಕನ್ನಡ ಬಾಯಿಪಾಠ ಮಾಡಿದ ಒಬ್ಬ ಮರಾಠಿ ಸಹಪಾಠಿ. ಚಿತ್ರೀಕರಣಕ್ಕೆ ಒಂದೇ ಭಾನುವಾರ. ತಪ್ಪಿದರೆ ಮತ್ತೆ ತೆಗೆಯಲು ಕೋಣೆಯೇ ಇರುವುದಿಲ್ಲ.

ಮೊದಲು ಕತ್ತರಿಯೇ ಇರಲಿಲ್ಲ

ನಮ್ಮ ಮುಂಬಯಿಗೆ ಸಿನಿಮಾ ಬಂದದ್ದು 1896ರ ಜುಲೈ 7ರಂದು, ಕಾಲಾ ಘೋಡಾದ ವಾಟ್ಸನ್ ಹೋಟೆಲಿಗೆ. ಲೂಮಿಯೇರ್ ಸಹೋದರರ ಆರು ಚಿತ್ರಗಳನ್ನು ಅಂದು ತೋರಿಸಿದರು. ನಿಲ್ದಾಣಕ್ಕೆ ಬರುವ ರೈಲು, ಕಾರ್ಖಾನೆಯಿಂದ ಹೊರಬರುವ ಕೆಲಸಗಾರರು, ಒಂದು ಗೋಡೆಯನ್ನು ಕೆಡಹುವ ದೃಶ್ಯ, ಹೀಗೆ. ಒಂದೊಂದೂ ಒಂದು ನಿಮಿಷದೊಳಗೆ ಮುಗಿಯುವಂಥದ್ದು. ಕ್ಯಾಮೆರಾ ಒಂದು ಕಡೆ ನಿಲ್ಲುತ್ತಿತ್ತು, ರೀಲು ಮುಗಿಯುವ ತನಕ ಓಡುತ್ತಿತ್ತು. ಜೋಡಿಸುವ ಪ್ರಶ್ನೆಯೇ ಇರಲಿಲ್ಲ.

ಎರಡು ತುಣುಕು ಜೋಡಿಸಿ ಕತೆ ಹೇಳಹೊರಟಾಗ ತಾಪತ್ರಯ ಶುರುವಾಯಿತು. ಅಮೆರಿಕದ ಎಡ್ವಿನ್ ಪೋರ್ಟರ್ 1903ರಲ್ಲಿ ಅಗ್ನಿಶಾಮಕ ದಳದವನೊಬ್ಬನ ಬಗ್ಗೆ ಮಾಡಿದ ಚಿತ್ರದಲ್ಲಿ, ಉರಿಯುವ ಮನೆಯಿಂದ ತಾಯಿ ಮಗುವನ್ನು ಕಾಪಾಡುವ ಘಟನೆ ಎರಡು ಸಲ ಬರುತ್ತದೆ. ಮೊದಲು ಒಳಗಿನಿಂದ ಪೂರ್ತಿ, ಆಮೇಲೆ ಹೊರಗಿನಿಂದ ಪೂರ್ತಿ. ಒಳಗಿನ ಅರ್ಧವನ್ನೂ ಹೊರಗಿನ ಅರ್ಧವನ್ನೂ ಸೇರಿಸಿ ಒಂದೇ ಘಟನೆ ಮಾಡಬಹುದು ಎಂಬ ರೂಢಿ ಇನ್ನೂ ಬಂದಿರಲಿಲ್ಲ. ಮುಂದಿನ ಹದಿನೈದು ವರ್ಷಗಳಲ್ಲಿ ಆ ರೂಢಿ ಬೆಳೆದು ನಿಯಮವಾಯಿತು. ಅದಕ್ಕೇ ಕಂಟಿನ್ಯುಯಿಟಿ ಎಡಿಟಿಂಗ್ ಅನ್ನುತ್ತಾರೆ. ಕನ್ನಡದಲ್ಲಿ ನಿರಂತರತೆಯ ಸಂಕಲನ ಎನ್ನಬಹುದು. ಬೇರೆ ಬೇರೆ ಹೊತ್ತಿನಲ್ಲಿ, ಬೇರೆ ಬೇರೆ ಜಾಗದಿಂದ ತೆಗೆದ ತುಣುಕುಗಳು ಒಂದೇ ಹೊತ್ತಿನಲ್ಲಿ, ಒಂದೇ ಜಾಗದಲ್ಲಿ ನಡೆದಂತೆ ಕಾಣಬೇಕು.

ಬಾನುಲಿಯವರಿಗೆ ಇದು ಹೊಸದಲ್ಲ. ಟೇಪಿನ ಕಾಲದಲ್ಲಿ ಬ್ಲೇಡಿನಿಂದ ಕತ್ತರಿಸಿ ಅಂಟಿಸುವಾಗ, ಮಾತಾಡುವವರ ಉಸಿರು ಅರ್ಧಕ್ಕೆ ನಿಂತರೆ ಕೇಳುಗರ ಕಿವಿ ಥಟ್ಟನೆ ಹಿಡಿಯುತ್ತಿತ್ತು. ಸಿನಿಮಾದಲ್ಲಿ ಅದೇ ಕೆಲಸವನ್ನು ಕಣ್ಣು ಮಾಡುತ್ತದೆ.

ಬಾಗಿಲು ಒಂದು, ಕೈ ಎರಡು

ಮೊದಲ ನಿಯಮ, ಕ್ರಿಯೆಯ ನಡುವೆ ಕತ್ತರಿ ಹಾಕು ಎಂಬುದು. ಪಡಸಾಲೆಯಲ್ಲಿ ದೊಡ್ಡಪ್ಪ ಚಿಲಕಕ್ಕೆ ಕೈ ಹಾಕಿ ಬಾಗಿಲು ತಳ್ಳುತ್ತಾರೆ. ಅದು ಅರ್ಧ ತೆರೆಯುವಾಗ ಕತ್ತರಿ. ಮುಂದಿನ ತುಣುಕು ಕೋಣೆಯ ಒಳಗಿನಿಂದ, ಬಾಗಿಲು ಉಳಿದರ್ಧ ತೆರೆದುಕೊಳ್ಳುತ್ತದೆ. ನೋಡುವವನ ಗಮನ ಚಲನೆಯ ಬೆನ್ನು ಹತ್ತಿರುವುದರಿಂದ ತುಣುಕು ಬದಲಾದದ್ದು ಅವನಿಗೆ ತಟ್ಟುವುದಿಲ್ಲ. ಹೀಗೆ ಕತ್ತರಿಸಬೇಕಾದರೆ ಎರಡೂ ಕಡೆಯಿಂದ ಪೂರ್ತಿ ಕ್ರಿಯೆಯನ್ನು ತೆಗೆದಿರಬೇಕು. ಅಂದರೆ ದೊಡ್ಡಪ್ಪ ಅದೇ ಬಾಗಿಲನ್ನು ಹತ್ತು ಸಲ ತೆಗೆಯಬೇಕಾಯಿತು.

ಹೊರಗಿನಿಂದ ತೆಗೆದಾಗ ಹಾಲಿನ ಚೀಲ ಬಲಗೈಯಲ್ಲಿತ್ತು. ಒಳಗಿನಿಂದ ತೆಗೆಯುವ ಹೊತ್ತಿಗೆ ಎಡಗೈಗೆ ಹೋಗಿತ್ತು. ಅದೃಷ್ಟಕ್ಕೆ ನಮ್ಮಲ್ಲೊಬ್ಬಳು ಹುಡುಗಿ ನೋಟುಬುಕ್ಕಿನಲ್ಲಿ ಎಲ್ಲ ಬರೆದಿಟ್ಟಿದ್ದಳು: ಚೀಲ ಬಲಗೈ, ಕನ್ನಡಕ ಜೇಬಿನಲ್ಲಿ, ಫ್ಯಾನ್ ಬಂದ್. ದೊಡ್ಡ ಚಿತ್ರಗಳಲ್ಲಿ ಈ ಕೆಲಸಕ್ಕೇ ಒಬ್ಬರು ಇರುತ್ತಾರೆ. ಚಹಾದ ಲೋಟದ ಗತಿಯೂ ಇದೇ. ದೊಡ್ಡಪ್ಪ ಪ್ರತಿ ಟೇಕಿನಲ್ಲೂ ನಿಜವಾಗಿಯೇ ಕುಡಿದುಬಿಡುತ್ತಿದ್ದರು. ಮೊದಲ ತುಣುಕಿನಲ್ಲಿ ಅರ್ಧ ಲೋಟ, ಮುಂದಿನದರಲ್ಲಿ ತುಂಬಿದ ಲೋಟ ಆದರೆ ಚಹಾ ತಾನೇ ಉಕ್ಕಿದಂತೆ ಕಾಣುತ್ತದೆ.

ಬಿಸಿಲಿನದು ಇನ್ನೊಂದು ಕಾಟ. ಹನ್ನೊಂದಕ್ಕೆ ಕಿಟಕಿಯಿಂದ ಮೇಜಿನ ಮೇಲೆ ಬೀಳುತ್ತಿದ್ದ ಬಿಸಿಲು ಒಂದೂವರೆಗೆ ಮಾಯ. ಆಗ ನನಗೆ ನೆನಪಾದದ್ದು ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು. ಗುರುದತ್ತರ 'ಕಾಗಜ್ ಕೆ ಫೂಲ್' (1959) ಚಿತ್ರದ ಛಾಯಾಗ್ರಾಹಕರು, 2008ನೇ ಸಾಲಿನ ಫಾಲ್ಕೆ ಪ್ರಶಸ್ತಿ ಪಡೆದವರು. ಆ ಚಿತ್ರದ ಹೆಸರಾಂತ ಬೆಳಕಿನ ಕೋಲನ್ನು ಅವರು ಕನ್ನಡಿಗಳಿಂದ ಹೊರಗಿನ ಬಿಸಿಲನ್ನೇ ಸ್ಟುಡಿಯೋದೊಳಕ್ಕೆ ಹಾಯಿಸಿ ಪಡೆದರು. ನಾವೂ ಅಷ್ಟು ದೊಡ್ಡದಲ್ಲದಿದ್ದರೂ, ದೊಡ್ಡಮ್ಮನ ಕಪಾಟಿನ ಕನ್ನಡಿಯನ್ನು ಬಿಚ್ಚಿ ಪಡಸಾಲೆಯ ಬಿಸಿಲಿಗೆ ಹಿಡಿದೆವು. ಮೇಜಿನ ಮೇಲೆ ಮತ್ತೆ ಬಿಸಿಲು ಬಿತ್ತು. ಕನ್ನಡಿ ಹಿಡಿದವನ ಕೈ ನಡುಗಿದರೆ ಬಿಸಿಲೂ ನಡುಗುತ್ತಿತ್ತು, ಅಷ್ಟೇ.

ಗಾಡಿಯ ಸದ್ದು

ಪರೇಲ್ ಎಂದ ಮೇಲೆ ಲೋಕಲ್ ಗಾಡಿ ಇದ್ದೇ ಇರುತ್ತದೆ. ದೊಡ್ಡಪ್ಪನ ಮಾತಿನ ಹಿಂದೆ ಗಾಡಿ ಹೋಗುತ್ತಿದೆ, ಕತ್ತರಿಸಿ ಮಗನ ಮುಖಕ್ಕೆ ಬಂದರೆ ಗಾಡಿಯೇ ಇಲ್ಲ, ಮತ್ತೆ ದೊಡ್ಡಪ್ಪನಿಗೆ ಬಂದರೆ ಗಾಡಿ ಇದೆ. ಚಿತ್ರ ಎಷ್ಟೇ ನಯವಾಗಿ ಜೋಡಿಸಿದರೂ ಸದ್ದು ಕತ್ತರಿಯ ಗುರುತು ತೋರಿಸಿಬಿಡುತ್ತದೆ.

ಇಲ್ಲಿ ಮಾತ್ರ ನನ್ನ ಬಾನುಲಿ ವಿದ್ಯೆ ಉಪಯೋಗಕ್ಕೆ ಬಂತು. ಎಲ್ಲರನ್ನೂ ಸುಮ್ಮನೆ ಕೂರಿಸಿ, ಖಾಲಿ ಕೋಣೆಯ ಸದ್ದನ್ನು ಎರಡು ನಿಮಿಷ ಧ್ವನಿಮುದ್ರಿಸಿಕೊಂಡೆ. ಒಂದು ಗಾಡಿ ಬಂದು ಹೋಗುವುದನ್ನೂ ಪೂರ್ತಿ ಹಿಡಿದೆ. ಸಂಕಲನದಲ್ಲಿ ಆ ಸದ್ದನ್ನು ಎಲ್ಲ ತುಣುಕುಗಳ ಕೆಳಗೆ ಚಾಪೆಯಂತೆ ಹಾಸಿದೆವು. ಗಾಡಿ ಈಗ ಒಂದೇ ಸಲ ಬಂದು, ಮೂರು ತುಣುಕುಗಳನ್ನು ದಾಟಿ, ಒಂದೇ ಸಲ ಹೋಗುತ್ತದೆ.

ನಾವು ದಾಟಿದ ಗೆರೆ

ಇನ್ನು ತಪ್ಪಿನ ಕತೆ. ಎದುರೆದುರು ಕೂತ ಇಬ್ಬರ ನಡುವೆ ಒಂದು ಗೆರೆ ಎಳೆದಂತೆ ಊಹಿಸಿಕೊಳ್ಳಿ. ಕ್ಯಾಮೆರಾ ಆ ಗೆರೆಯ ಒಂದೇ ಪಕ್ಕದಲ್ಲಿ ಎಲ್ಲಿ ಬೇಕಾದರೂ ನಿಲ್ಲಬಹುದು, ಆಚೆ ಪಕ್ಕಕ್ಕೆ ಹೋಗಬಾರದು. ಇದಕ್ಕೆ 180 ಡಿಗ್ರಿ ನಿಯಮ ಎಂದು ಹೆಸರು. ಕಿಟಕಿಯ ಪಕ್ಕದಿಂದ ನೋಡಿದರೆ ದೊಡ್ಡಪ್ಪ ಎಡಗಡೆ ಕೂತು ಬಲಕ್ಕೆ ನೋಡುತ್ತಾರೆ, ಮಗ ಬಲಗಡೆ ಕೂತು ಎಡಕ್ಕೆ ನೋಡುತ್ತಾನೆ. ಒಬ್ಬೊಬ್ಬರನ್ನೇ ತೋರಿಸಿದರೂ ನೋಟಗಳು ಕೂಡುತ್ತವೆ.

ದೊಡ್ಡಪ್ಪನ ಮುಖವನ್ನು ಸರಿಯಾಗಿಯೇ ತೆಗೆದೆವು. ಮಗನ ಮುಖ ತೆಗೆಯುವಾಗ ಕಪಾಟು ಅಡ್ಡ ಬಂತು. ಹೊಟ್ಟೆ ಹಸಿದಿತ್ತು, ಬಿಸಿಲು ಇಳಿಯುತ್ತಿತ್ತು. ಗೊತ್ತಿಲ್ಲದೆ ಕ್ಯಾಮೆರಾವನ್ನು ಗೋಡೆಯ ಪಕ್ಕಕ್ಕೆ ತಂದಿಟ್ಟು ತೆಗೆದುಬಿಟ್ಟೆವು. ಮೂರು ದಿನದ ನಂತರ ಜೋಡಿಸಿ ನೋಡಿದರೆ ಇಬ್ಬರೂ ಬಲಕ್ಕೇ ನೋಡುತ್ತಿದ್ದಾರೆ! ಲೋಕಲಿನಲ್ಲಿ ಒಬ್ಬರ ಹಿಂದೆ ಒಬ್ಬರು ಕೂತವರಂತೆ, ಅಪ್ಪ ಮಗನ ಬೆನ್ನಿಗೆ ಮಾತಾಡಿದಂತೆ ಕಾಣುತ್ತಿತ್ತು. ಅಷ್ಟರಲ್ಲಿ ಖೋಲಿಯ ಸಾಮಾನು ಖಾಲಿಯಾಗಿತ್ತು, ಬೀಗದ ಕೈ ಒಪ್ಪಿಸಿಯಾಗಿತ್ತು.

"ಮಗನ ಚಿತ್ರವನ್ನು ಎಡಬಲ ತಿರುಗಿಸಿದರಾಯಿತು, ಕಂಪ್ಯೂಟರಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು" ಎಂದ ಒಬ್ಬ. ಒತ್ತಿದೆವು. ನೋಟವೇನೋ ಕೂಡಿತು. ಆದರೆ ಮಗನ ಹಿಂದೆ ಗೋಡೆಯ ಮೇಲೆ ನಮ್ಮ ಕನ್ನಡ ಕ್ಯಾಲೆಂಡರ್ ತೂಗುತ್ತಿತ್ತು, ಅದರ ಅಕ್ಷರಗಳೆಲ್ಲ ತಿರುಗುಮುರುಗಾದವು. "ಇಲ್ಲಿ ಕನ್ನಡ ಓದುವವರು ಯಾರಿದ್ದಾರೆ, ಬಿಡಿ ಸರ್" ಎಂದರು ಹುಡುಗರು. ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಆದರೆ ಆ ಕ್ಯಾಲೆಂಡರಿನಲ್ಲಿ ದೊಡ್ಡಪ್ಪ ಹಾಲಿನ ಲೆಕ್ಕ, ಏಕಾದಶಿ, ಊರಿಗೆ ಹೋಗುವ ದಿನ ಎಲ್ಲ ಗುರುತು ಹಾಕುತ್ತಿದ್ದರು. ಆ ಖೋಲಿಯ ಒಂದೇ ಚಿತ್ರ ಉಳಿಯುವುದಾದರೆ ಅದರಲ್ಲಿ ಕನ್ನಡ ತಲೆಕೆಳಗಾಗಿ ಉಳಿಯುವುದು ನನಗೆ ಒಪ್ಪಿಗೆಯಾಗಲಿಲ್ಲ. ಬೇಡ ಎಂದೆ.

ಕುಕ್ಕರಿನ ಶಿಳ್ಳೆ

ಗೆರೆ ದಾಟಲೇಬೇಕಾದರೆ ಅದಕ್ಕೂ ದಾರಿಗಳಿವೆ. ಪಾತ್ರಧಾರಿ ಎದ್ದು ಜಾಗ ಬದಲಿಸಬಹುದು, ಕ್ಯಾಮೆರಾ ನೋಡುಗರ ಕಣ್ಣೆದುರೇ ಆಚೆಗೆ ಸರಿಯಬಹುದು, ಇಲ್ಲವೇ ಯಾವ ಪಕ್ಕಕ್ಕೂ ಸೇರದ ಒಂದು ತುಣುಕನ್ನು ನಡುವೆ ಇಡಬಹುದು. ಮೊದಲೆರಡು ನಮ್ಮ ಕೈಮೀರಿದ್ದವು. ತೆಗೆದದ್ದನ್ನೆಲ್ಲ ಮತ್ತೆ ಹುಡುಕಿದೆವು. ಎರಡು ತುಣುಕು ಸಿಕ್ಕವು.

ಒಂದು, ದೊಡ್ಡಪ್ಪ ಸುಮ್ಮನೆ ಒಂದು ಕಡೆ ನೋಡುತ್ತಾ ಕೂತದ್ದು. ಜೊತೆಗೆ, ಫೋಟೋ ಇಳಿಸಿದ ಮೇಲೆ ಗೋಡೆಯಲ್ಲಿ ಉಳಿದ ಮೊಳೆ, ಅದರ ಕೆಳಗಿನ ಬಿಳಿಯ ಚೌಕ. ಎರಡು, ಮಂಚ ಹತ್ತಿ ನಿಂತ ಹುಡುಗನೊಬ್ಬ ನೇರ ಮೇಲಿನಿಂದ ತೆಗೆದ, ಕೈಯಿಂದ ಕೈಗೆ ಹೋಗುವ ಚಾವಿ. ಮೇಲಿನಿಂದ ನೋಡುವಾಗ ಎಡಪಕ್ಕ ಬಲಪಕ್ಕ ಎಂಬುದೇ ಇಲ್ಲ.

ಹಾಗಾಗಿ ಜೋಡಣೆ ಹೀಗಾಯಿತು. ಮಗ ಚಾವಿ ಕೇಳುವುದನ್ನು ಇಬ್ಬರೂ ಕಾಣುವ ದೂರದ ಚಿತ್ರದಲ್ಲೇ ಇಟ್ಟೆವು. ಅಪ್ಪ "ಮೊದ್ಲು ಚಾ ಕುಡಿ" ಅನ್ನುತ್ತಾರೆ, ಗೋಡೆಯ ಕಡೆ ನೋಡುತ್ತಾರೆ. ಮೊಳೆ, ಬಿಳಿ ಚೌಕ. ಆಮೇಲೆ ಮಗನ ಮುಖ, ಆಚೆ ಪಕ್ಕದಿಂದ, ಕ್ಯಾಲೆಂಡರಿನ ಅಕ್ಷರ ನೆಟ್ಟಗೆ. ಮೇಲಿನಿಂದ ಚಾವಿ. ಮತ್ತೆ ಕಿಟಕಿಯ ಪಕ್ಕದ ಚಿತ್ರ.

ಮೇಷ್ಟ್ರಿಗೆ ಕನ್ನಡ ಬರುವುದಿಲ್ಲ. ನೋಡಿ ಹೇಳಿದರು, "ಗೆರೆ ದಾಟಿದ್ದೀರಿ, ನನಗೆ ಗೊತ್ತಾಯಿತು. ಆದರೆ ಆ ಮನುಷ್ಯ ಗೋಡೆ ನೋಡಿದ ಮೇಲೆ ನಾನು ಗೆರೆಯ ಯೋಚನೆ ಬಿಟ್ಟೆ." ನಿಜ ಹೇಳಬೇಕೆಂದರೆ ದೊಡ್ಡಪ್ಪ ಆಗ ಗೋಡೆಯನ್ನೂ ನೋಡುತ್ತಿರಲಿಲ್ಲ. ಒಲೆಯ ಮೇಲಿನ ಕುಕ್ಕರಿನ ಶಿಳ್ಳೆ ಎಣಿಸುತ್ತಿದ್ದರು! ರಷ್ಯಾದ ಲೆವ್ ಕುಲೆಶೋವ್ ನೂರು ವರ್ಷಗಳ ಹಿಂದೆ ಮಾಡಿದ ಪ್ರಯೋಗವೂ ಇದೇ. ನಟನ ಒಂದೇ ಮುಖವನ್ನು ಒಮ್ಮೆ ಸೂಪಿನ ಬಟ್ಟಲಿನ ಪಕ್ಕ, ಒಮ್ಮೆ ಶವಪೆಟ್ಟಿಗೆಯ ಪಕ್ಕ ಜೋಡಿಸಿದರೆ, ನೋಡುವವರು ಮುಖದಲ್ಲಿ ಒಮ್ಮೆ ಹಸಿವನ್ನೂ ಒಮ್ಮೆ ದುಃಖವನ್ನೂ ಕಂಡರಂತೆ.

ಹಾಲಿವುಡ್ಡಿನ ಹಿರಿಯ ಸಂಕಲನಕಾರ ವಾಲ್ಟರ್ ಮರ್ಚ್ ಎಲ್ಲಿ ಕತ್ತರಿಸಬೇಕು ಎಂಬುದಕ್ಕೆ ಆರು ಕಾರಣಗಳನ್ನು ಕೊಟ್ಟು ಅಂಕ ಹಾಕಿದ್ದಾರೆ. ಭಾವಕ್ಕೆ ನೂರಕ್ಕೆ 51, ಕತೆಗೆ 23, ಲಯಕ್ಕೆ 10. ಕೋಣೆಯಲ್ಲಿ ಯಾರು ಎಲ್ಲಿದ್ದಾರೆ ಎಂಬ ನಿರಂತರತೆಗೆ ಕೊನೆಯ ಸ್ಥಾನ, ಬರೀ 4. ಹಾಗೆಂದು ನಿಯಮ ಬೇಡವೆಂದಲ್ಲ. ಎರಡೂ ಸಿಕ್ಕರೆ ಸರಿ, ಒಂದೇ ಸಿಕ್ಕುವುದಾದರೆ ಭಾವವನ್ನು ಬಿಡಬೇಡ ಎಂದು ಅದರ ಅರ್ಥ.

ನೀವೂ ಮಾಡಿ ನೋಡಿ

ಈಗ ಎಲ್ಲರ ಕೈಯಲ್ಲೂ ಮೊಬೈಲ್ ಕ್ಯಾಮೆರಾ ಇದೆ. ಮನೆಯ ಹಿರಿಯರದೊಂದು ಮೂರು ನಿಮಿಷದ ಚಿತ್ರ ಮಾಡಬೇಕೆನಿಸಿದರೆ ಇಷ್ಟು ನೆನಪಿಡಿ. ಮೊದಲು ಇಡೀ ಕೋಣೆ ಕಾಣುವಂತೆ ಒಂದು ಪೂರ್ತಿ ತುಣುಕು ತೆಗೆಯಿರಿ. ಆಮೇಲೆ ಹತ್ತಿರದಿಂದ, ಅದೇ ಪಕ್ಕದಲ್ಲಿ ನಿಂತು. ನೆಲದ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆದುಕೊಂಡರೂ ನಾಚಿಕೆಯಿಲ್ಲ. ಕೈ, ಲೋಟ, ಗಡಿಯಾರ, ಕಿಟಕಿ ಇವುಗಳ ಚಿಕ್ಕ ತುಣುಕುಗಳನ್ನು ಕಡ್ಡಾಯವಾಗಿ ತೆಗೆದಿಡಿ, ಕಷ್ಟಕಾಲಕ್ಕೆ ಅವೇ ಕಾಪಾಡುವುದು. ಕೊನೆಗೆ ಖಾಲಿ ಕೋಣೆಯ ಸದ್ದು ಒಂದು ನಿಮಿಷ.

ದೊಡ್ಡಪ್ಪ ಈಗ ಮಗನ ಜೊತೆ ಡೊಂಬಿವಲಿಯಲ್ಲಿದ್ದಾರೆ. ಅಲ್ಲಿನ ಟಿ.ವಿ.ಯಲ್ಲಿ ಚಿತ್ರ ಹಾಕಿ ತೋರಿಸಿದೆ. ಮುಗಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಲ್ಲ ಮಗಾ, ನಾನ್ ಅವತ್ತು ಹತ್ತು ಸಲ ಬಾಗಿಲು ತೆಗ್ದೆ. ಇಲ್ಲಿ ಒಂದೇ ಸಲ ಅಲ್ದಾ?" ಎಂದರು.

ಮೇಷ್ಟ್ರು ಕೊಟ್ಟ ಅಂಕಕ್ಕಿಂತ ಆ ಮಾತು ನನಗೆ ದೊಡ್ಡದಾಯಿತು. ಆಮೇಲೆ ಇನ್ನೊಮ್ಮೆ ಹಾಕು ಎಂದರು. ಎರಡನೆಯ ಸಲ ಅವರು ತಮ್ಮನ್ನು ನೋಡಿಕೊಳ್ಳಲಿಲ್ಲ. ಗೋಡೆ, ಕಪಾಟು, ಕಿಟಕಿ, ಕ್ಯಾಲೆಂಡರ್ ಒಂದೊಂದನ್ನೇ ನೋಡಿದರು. ಗಾಡಿಯ ಸದ್ದು ಬಂದಾಗ ಮಾತ್ರ ತಲೆಯಾಡಿಸಿ, "ಇದು ಸ್ಲೋ ಗಾಡಿ" ಎಂದರು.